ಸೂಪರ್‌ಮಾರ್ಕೆಟ್ ಪಾಯಿಂಟ್ಸು: ಶಿವಮೊಗ್ಗದಲ್ಲಿ ಯಾವುದರಲ್ಲಿ ನಿಜವಾದ ಉಳಿತಾಯ? ಲೆಕ್ಕ ಸಮೇತ ಹೇಳಿ

ತುಂಗಾ_ದಂಡೆ:
ಶಿವಮೊಗ್ಗದಲ್ಲಿ ಈಗ ಯಾವ ದೊಡ್ಡ ಅಂಗಡಿಗೆ ಹೋದರೂ ಬಿಲ್ ಕೌಂಟರಿನಲ್ಲಿ ಮೊದಲ ಮಾತು "ನಂಬರ್ ಹೇಳಿ" ಅಂತ. ರಿಲಯನ್ಸ್‌ನವರ ರಿಲಯನ್ಸ್‌ಒನ್ ಇದೆ, ಟಾಟಾದವರ ನ್ಯೂಕಾಯಿನ್ ಇದೆ, ಊರಿನವರೇ ನಡೆಸುವ ಸೂಪರ್‌ಮಾರ್ಕೆಟ್‌ಗಳದ್ದೂ ಬೇರೆ ಬೇರೆ ಪಾಯಿಂಟ್ ಕಾರ್ಡು. ನಾಲ್ಕು ಜನರ ಮನೆ, ತಿಂಗಳಿಗೆ ಸುಮಾರು 8,000 ರೂಪಾಯಿ ದಿನಸಿ ಅಂತ ಇಟ್ಟುಕೊಳ್ಳಿ. ಇದರಲ್ಲಿ ಯಾವುದು ಲಾಭ? ಎಲ್ಲ ಒಂದೇ ಕಡೆ ಕೊಂಡು ಪಾಯಿಂಟ್ ಕೂಡಿಸಬೇಕಾ, ಹಂಚಿ ಕೊಳ್ಳಬೇಕಾ? ದಯವಿಟ್ಟು ಅಂಕಿ ಇಟ್ಟು ಮಾತಾಡಿ.

ಬಿಲ್_ಓದುಗ:
ಎರಡು ಸಂಖ್ಯೆ ಗೊತ್ತಿದ್ದರೆ ಸಾಕು. ಎಷ್ಟು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ ಎಷ್ಟು ಪೈಸೆ. ಮೊದಲನೆಯದನ್ನು ಅಂಗಡಿಯವರೇ ದೊಡ್ಡದಾಗಿ ಬರೆದಿರುತ್ತಾರೆ. ಎರಡನೆಯದನ್ನು ನಾವೇ ಕೇಳಬೇಕು.

ಹಳೆಯ ಪೇಬ್ಯಾಕ್ ಪಾಯಿಂಟ್ ಕಾರ್ಡು ನೆನಪಿದ್ದರೆ ನೋಡಿ, ಅದರಲ್ಲಿ ಒಂದು ಪಾಯಿಂಟಿಗೆ 25 ಪೈಸೆ. 400 ಪಾಯಿಂಟ್ ಇದ್ದರೆ ಕೈಗೆ 100 ರೂಪಾಯಿ. ನ್ಯೂಕಾಯಿನ್ ಆದರೆ ಒಂದಕ್ಕೆ 1 ರೂಪಾಯಿ. ಹಾಗಾಗಿ "ನಂಗೆ 500 ಪಾಯಿಂಟ್ ಬಂದಿದೆ" ಅನ್ನೋ ಮಾತಿನಿಂದ ಏನೂ ತಿಳಿಯೋದಿಲ್ಲ.

ನೂರಕ್ಕೆ 1 ಪಾಯಿಂಟ್, ಪಾಯಿಂಟಿಗೆ 50 ಪೈಸೆ ಅಂತಾದರೆ ಅರ್ಧ ಪರ್ಸೆಂಟ್. 8,000ಕ್ಕೆ ತಿಂಗಳಿಗೆ 40 ರೂಪಾಯಿ, ವರ್ಷಕ್ಕೆ 480. ಈಗ ಎರಡು ಅಂಗಡಿಯ ತೊಗರಿಬೇಳೆ ದರದಲ್ಲಿ ಕೆಜಿಗೆ 15 ರೂಪಾಯಿ ವ್ಯತ್ಯಾಸ ಇದೆ, ನೀವು ತಿಂಗಳಿಗೆ 3 ಕೆಜಿ ತರ್ತೀರಿ ಅಂದ್ಕೊಳ್ಳಿ. ಅಲ್ಲೇ 45 ಆಯ್ತು. ಇಡೀ ತಿಂಗಳ ಪಾಯಿಂಟನ್ನು ಒಂದು ಬೇಳೆ ನುಂಗಿ ಹಾಕಿತು. ಮೊದಲು ದರ, ಆಮೇಲೆ ಪಾಯಿಂಟ್.

ಸಾಗರ_ರಸ್ತೆ:
+1. ಡಿಮಾರ್ಟ್‌ನವರು ಪಾಯಿಂಟ್ ಯೋಜನೆಯನ್ನೇ ಇಟ್ಟಿಲ್ಲ. ಎಂಆರ್‌ಪಿಗಿಂತ ಕಡಿಮೆ ದರ, ನಂಬರ್ ಕೊಟ್ಟವರಿಗೂ ಕೊಡದವರಿಗೂ ಒಂದೇ. ಪಾಯಿಂಟ್ ಇಲ್ಲದೆಯೂ ಅಲ್ಲಿ ಜನ ತುಂಬಿರ್ತಾರೆ ಅಂದರೆ ಅರ್ಥ ಮಾಡ್ಕೊಳ್ಳಿ.

ಕ್ಯಾಶ್_ಕೌಂಟರ್:
ಬಿಲ್ಲಿಂಗ್ ಕಡೆಯಿಂದ ಕೆಲವು ಮಾತು. ಲೆಕ್ಕ ಸರಿ ಇದ್ದರೂ ಜನ ಪಾಯಿಂಟ್ ಕಳೆದುಕೊಳ್ಳೋದು ಕೌಂಟರಿನಲ್ಲೇ.

ನಂಬರನ್ನು ಬಿಲ್ ಮುಗಿಯುವ ಮೊದಲೇ ಹೇಳಿ. ದುಡ್ಡು ತಗೊಂಡು ಬಿಲ್ ಮುಚ್ಚಿದ ಮೇಲೆ ಹೆಚ್ಚಿನ ಸಾಫ್ಟ್‌ವೇರಿನಲ್ಲಿ ನಂಬರ್ ಸೇರಿಸಲು ಬರೋದಿಲ್ಲ. ಬಿಲ್ ರದ್ದು ಮಾಡಿ ಮತ್ತೆ ಹೊಡೆಯಬೇಕು, ಅದಕ್ಕೆ ಮ್ಯಾನೇಜರ್ ಬೇಕು, ಹಿಂದೆ ಕ್ಯೂ ನಿಂತಿರುತ್ತೆ.

ಪಾಯಿಂಟ್ ಪೂರ್ತಿ ನೂರಕ್ಕೆ ಮಾತ್ರ ಅಂತಿದ್ದರೆ 195 ರೂಪಾಯಿ ಬಿಲ್ಲಿಗೂ ಒಂದೇ, 100ಕ್ಕೂ ಒಂದೇ. ವಾರಕ್ಕೆ ನಾಲ್ಕು ಸಲ ಬಂದು 180, 190ರ ಬಿಲ್ ಮಾಡಿಸಿದರೆ ಹತ್ತಿರ ಹತ್ತಿರ ಅರ್ಧ ಪಾಯಿಂಟ್ ಅಲ್ಲೇ ಹೋಯ್ತು. ಒಟ್ಟಿಗೆ ಒಂದು ಬಿಲ್ ಮಾಡಿಸಿ.

ಎಲ್ಲ ಸಾಮಾನಿಗೂ ಪಾಯಿಂಟ್ ಬರಲ್ಲ. ಹಾಲು, ಸಕ್ಕರೆ, ಎಣ್ಣೆ ಇಂಥ ಲಾಭ ಕಡಿಮೆ ಇರುವ ಸಾಮಾನನ್ನು ಎಷ್ಟೋ ಕಡೆ ಹೊರಗಿಟ್ಟಿರುತ್ತಾರೆ, ಆಫರಿನ ಸಾಮಾನಿಗೂ ಕೆಲವು ಸಲ ಇರೋದಿಲ್ಲ. 8,000 ಬಿಲ್ಲಿನಲ್ಲಿ ಪಾಯಿಂಟ್ ಲೆಕ್ಕಕ್ಕೆ ಬಂದಿದ್ದು ಎಷ್ಟು ಅಂತ ಬಿಲ್ಲಿನ ಕೆಳಗೆ ನೋಡಿ. ಬಿಲ್_ಓದುಗ ಅವರ ಅರ್ಧ ಪರ್ಸೆಂಟ್ ಅಲ್ಲಿ ಇನ್ನೂ ಇಳಿಯಬಹುದು.

ಸಾಮಾನು ವಾಪಸ್ ಕೊಟ್ಟರೆ ಅದಕ್ಕೆ ಬಂದ ಪಾಯಿಂಟೂ ವಾಪಸ್. ಅಷ್ಟರಲ್ಲಿ ಪಾಯಿಂಟ್ ಖರ್ಚು ಮಾಡಿದ್ದರೆ ಆ ಮೊತ್ತವನ್ನು ಹಿಡಿದುಕೊಂಡು ಉಳಿದದ್ದು ಕೊಡ್ತಾರೆ, ಅದಕ್ಕೆ ಕೌಂಟರಿನಲ್ಲಿ ಜಗಳ ಬೇಡ.

ಹೊಸನಗರ_ಮಳೆ:
ಒಟಿಪಿ ವಿಷ್ಯ ಯಾರೂ ಹೇಳ್ಲಿಲ್ಲ. ಪಾಯಿಂಟ್ ಬಳಸಬೇಕಾದ್ರೆ ಒಟಿಪಿ ಬೇಕು. ಫೋನ್ ಇರೋದು ಮನೇಲಿ, ಅಮ್ಮನ ಹತ್ರ. ಮನೆ ಇರೋದು ಹೊಸನಗರದ ಆಚೆ, ಮಳೆ ಬಂತು ಅಂದ್ರೆ ಟವರೇ ಇಲ್ಲ. ಇದಕ್ಕೆ ಎಂತ ಮಾಡೋದು?

ಕ್ಯಾಶ್_ಕೌಂಟರ್:
@ಹೊಸನಗರ_ಮಳೆ ಪೇಟೆಗೆ ಬರುವವರ ನಂಬರಿಗೇ ಖಾತೆ ಮಾಡಿಸಿ, ಅದೇ ಸುಲಭ. ಆ್ಯಪ್ ಇರುವ ಕಡೆ ಪೇಟೆಯಲ್ಲೇ ಆ್ಯಪ್ ತೆರೆದು ಬಾರ್‌ಕೋಡ್ ತೋರಿಸಿದರೆ ಕೆಲವು ಕಡೆ ಒಟಿಪಿ ಇಲ್ಲದೆ ಆಗುತ್ತೆ. ಆದರೆ ಆ್ಯಪಿಗೆ ಮೊದಲ ಸಲ ಲಾಗಿನ್ ಆಗೋದನ್ನು ನೆಟ್‌ವರ್ಕ್ ಇರುವ ಜಾಗದಲ್ಲಿ ಮುಂಚೆಯೇ ಮಾಡಿಟ್ಟುಕೊಳ್ಳಿ. ಇನ್ನೊಂದು, ಒಟಿಪಿಯನ್ನು ಫೋನಿನಲ್ಲಿ ಕೂಗಿ ಹೇಳಿಸಿಕೊಳ್ಳುವ ಮುಂಚೆ ಮೆಸೇಜ್ ಪೂರ್ತಿ ಓದಲು ಹೇಳಿ. "ಪಾಯಿಂಟ್ ಬಳಕೆಗೆ" ಅಂತ ಅಂಗಡಿ ಹೆಸರು ಇರಬೇಕು. ಬ್ಯಾಂಕಿನ ಹೆಸರಿದ್ದರೆ ಯಾರಿಗೂ ಹೇಳಬಾರದು.

ಗಾಂಧಿಬಜಾರ್_ದಿನಸಿ:
ಎಲ್ಲ ಸರಿ, ಆದ್ರೆ ಕಿರಾಣಿ ಅಂಗಡಿ ಲೆಕ್ಕ ಯಾಕೆ ಬಿಟ್ರಿ? ಖಾತೆ ಇಟ್ಟುಕೊಂಡ ಗಿರಾಕಿಗೆ ತಿಂಗಳು ಪೂರ್ತಿ ಬಡ್ಡಿ ಇಲ್ಲದ ಸಾಲ. ಬೇಳೆಯಲ್ಲಿ ಹುಳ ಬಂದರೆ ಮಾತಿಲ್ಲದೆ ಬದಲಾಯಿಸಿ ಕೊಡ್ತಾರೆ. ಅಕ್ಕಿ 25 ಕೆಜಿ ಮೂಟೆ, ಸಕ್ಕರೆ, ಬೆಲ್ಲದ ಪೆಂಟೆ, ಒಣಮೆಣಸು ಇವೆಲ್ಲ ಗಾಂಧಿ ಬಜಾರಿನ ಸಗಟು ಅಂಗಡಿಯಲ್ಲಿ ಚೌಕಾಸಿ ಮಾಡಬಹುದು. ಸೂಪರ್‌ಮಾರ್ಕೆಟಿನಲ್ಲಿ ಬಾರ್‌ಕೋಡ್ ಜೊತೆ ಚೌಕಾಸಿ ಆಗುತ್ತಾ? ಹಳೇ ಗಿರಾಕಿ ಅನ್ನೋದಕ್ಕೆ ಬೆಲೆ ಕೊಡೋದು ಇಲ್ಲೇ.

ಭದ್ರಾವತಿ_ಪೇಪರ್‌ಟೌನ್:
@ಗಾಂಧಿಬಜಾರ್_ದಿನಸಿ ಮೂಟೆ ಸಾಮಾನಿಗೆ ಒಪ್ಪಿದೆ. ಆದರೆ ಸೋಪು, ಪೇಸ್ಟು, ಟೀಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಇವನ್ನು ನೀವು ಎಂಆರ್‌ಪಿಗೇ ಕೊಡೋದು. ಅಲ್ಲಿ ದೊಡ್ಡ ಅಂಗಡಿಯವರು ಎಂಆರ್‌ಪಿಯಿಂದ ಗಣನೀಯವಾಗಿ ಇಳಿಸ್ತಾರೆ. ಸಾಲಕ್ಕೆ ಬಡ್ಡಿ ಇಲ್ಲ ಅಂದ್ರೂ ಆ ಬಡ್ಡಿ ದರದೊಳಗೇ ಕೂತಿರುತ್ತೆ. ಖಾತೆ ಅಂಗಡಿಯಲ್ಲಿ ಬಿಡಿ ದರ ಕೇಳದೇ ಚೀಟಿ ಕಳಿಸುವವರು ಜಾಸ್ತಿ. ಚೀಟಿಯಲ್ಲಿ ದರ ಬರೆಸಿಕೊಳ್ಳಿ ಅಷ್ಟೇ ನಾನು ಹೇಳೋದು.

ಗಾಂಧಿಬಜಾರ್_ದಿನಸಿ:
@ಭದ್ರಾವತಿ_ಪೇಪರ್‌ಟೌನ್ ದರ ಕೇಳಿದವರಿಗೆ ಇಲ್ಲ ಅಂದಿದ್ದು ಯಾರು? ಸೋಪಿನ ಮಾತು ಒಪ್ಪಿದೆ. ಕಂಪನಿಯವರು ದೊಡ್ಡ ಅಂಗಡಿಗೆ ಕೊಡೋ ಮಾರ್ಜಿನ್ನೇ ಬೇರೆ, ನಮಗೆ ಕೊಡೋದೇ ಬೇರೆ.

ಬಿಲ್_ಓದುಗ:
ಹಾಗಾದ್ರೆ ಹಂಚುವ ದಾರಿ ಇಲ್ಲೇ ಇದೆಯಲ್ಲ. ಮೂಟೆ ಸಾಮಾನು ಸಗಟಿನಲ್ಲಿ, ಪ್ಯಾಕೆಟ್ ಸಾಮಾನು ಸೂಪರ್‌ಮಾರ್ಕೆಟಿನಲ್ಲಿ, ತರಕಾರಿ ಸಂತೆಯಲ್ಲಿ ಇಲ್ಲಾ ಹಾಪ್‌ಕಾಮ್ಸ್‌ನಲ್ಲಿ.

ಪ್ಯಾಕೆಟ್ ಹೋಲಿಸುವಾಗ ಮುದ್ರಿಸಿದ ಯೂನಿಟ್ ದರ ನೋಡಿ. ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ 1 ಕೆಜಿಗಿಂತ ಕಡಿಮೆ ಪೊಟ್ಟಣದಲ್ಲಿ ಗ್ರಾಮಿಗೆ ಎಷ್ಟು, ಜಾಸ್ತಿ ಇದ್ದರೆ ಕೆಜಿಗೆ ಎಷ್ಟು ಅಂತ ಪೊಟ್ಟಣದ ಮೇಲೆ ಇರಬೇಕು. ಗ್ರಾಮಿಗೆ 0.62 ಅಂತ ಇದ್ದರೆ ಸಾವಿರದಿಂದ ಗುಣಿಸಿ, ಕೆಜಿಗೆ 620. "ಫ್ಯಾಮಿಲಿ ಪ್ಯಾಕ್" ಅಂತ ಬರೆದದ್ದು ಚಿಕ್ಕ ಪ್ಯಾಕೆಟ್ಟಿಗಿಂತ ದುಬಾರಿ ಬೀಳುವುದು ಇಲ್ಲಿ ಗೊತ್ತಾಗುತ್ತೆ.

ಕ್ಯಾಶ್_ಕೌಂಟರ್:
@ಬಿಲ್_ಓದುಗ ಒಂದು ತಿದ್ದುಪಡಿ ಸರ್. ಪೊಟ್ಟಣದ ಮೇಲಿನ ಯೂನಿಟ್ ದರ ಎಂಆರ್‌ಪಿ ಲೆಕ್ಕದ್ದು. ಅಂಗಡಿಯವರು ಇಳಿಸಿ ಮಾರುವ ದರಕ್ಕೆ ಅದು ಹೊಂದಲ್ಲ. ದೊಡ್ಡ ಪ್ಯಾಕಿಗೆ 5 ಪರ್ಸೆಂಟ್ ಇಳಿಸಿ, ಚಿಕ್ಕದಕ್ಕೆ 20 ಇಳಿಸಿದ್ದರೆ ಪೊಟ್ಟಣ ಹೇಳುವ ಲೆಕ್ಕ ಉಲ್ಟಾ ಆಗುತ್ತೆ. ಶೆಲ್ಫ್ ಚೀಟಿಯ ದರವನ್ನು ತೂಕದಿಂದ ಭಾಗಿಸಿ, ಫೋನಿನ ಕ್ಯಾಲ್ಕುಲೇಟರ್ ಸಾಕು. ಶೆಲ್ಫ್ ಚೀಟಿಯನ್ನೂ ಕುರುಡಾಗಿ ನಂಬಬೇಡಿ, ಆಫರ್ ಮುಗಿದ ಮರುದಿನ ಬೆಳಿಗ್ಗೆ ಹಳೇ ಚೀಟಿ ಅಲ್ಲೇ ಇರುತ್ತೆ, ಸ್ಕ್ಯಾನ್ ಮಾಡಿದಾಗ ಹೊಸ ದರ ಬರುತ್ತೆ. ಸ್ಕ್ರೀನ್ ನೋಡ್ತಾ ನಿಲ್ಲಿ.

ಸಹಕಾರಿ_ಲೆಕ್ಕ:
ಗಿರಾಕಿಗೆ ಖರೀದಿಗೆ ತಕ್ಕಂತೆ ಪಾಲು ಕೊಡುವುದು ಈ ಕಂಪನಿಗಳು ಹುಟ್ಟಿಸಿದ್ದಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಕೆಲಸಗಾರರು ಸೇರಿ ಅಂಗಡಿ ತೆರೆದು, ವರಮಾನದಲ್ಲಿ ಉಳಿದದ್ದನ್ನು ಯಾರು ಎಷ್ಟು ಕೊಂಡರೋ ಅಷ್ಟರ ಪ್ರಮಾಣದಲ್ಲಿ ಹಂಚಿದರು. ನಮ್ಮಲ್ಲಿ ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಂಘ ಶುರುವಾಯಿತು. ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರಿ ಸಂಘ ಮ್ಯಾಮ್ಕೋಸ್ 1939ರಿಂದ ಅಡಿಕೆ ಬೆಳೆಗಾರರ ಜೊತೆ ಇದೆ. ಇಷ್ಟು ಗಟ್ಟಿ ಸಹಕಾರಿ ಪರಂಪರೆ ಇರುವ ಜಿಲ್ಲೆಯಲ್ಲಿ ಕಂಪನಿ ಪಾಯಿಂಟಿಗೆ ಇಷ್ಟು ಚರ್ಚೆ, ಸಂಘದ ದಿನಸಿ ವಿಭಾಗದ ಬಗ್ಗೆ ಒಂದು ಮಾತಿಲ್ಲ ಅನ್ನೋದು ಬೇಜಾರು.

ನಿಮ್ಮ ಊರಿನ ಟಿಎಪಿಸಿಎಂಎಸ್ (ತಾಲ್ಲೂಕು ಕೃಷಿ ಹುಟ್ಟುವಳಿ ಮಾರಾಟ ಸಹಕಾರ ಸಂಘ), ಜನತಾ ಬಜಾರ್ ಅಥವಾ ಸೇವಾ ಸಹಕಾರಿ ಸಂಘದಲ್ಲಿ ಹೀಗೆ ಕೇಳಿ: ದಿನಸಿ ಮಾರಾಟ ಇದೆಯಾ, ಷೇರು ಎಷ್ಟು ಕಟ್ಟಬೇಕು, ಖರೀದಿ ಮೇಲೆ ಸದಸ್ಯರಿಗೆ ರಿಬೇಟು ಕೊಡಲು ಬೈಲಾದಲ್ಲಿ ಅವಕಾಶ ಇದೆಯಾ, ಕಳೆದ ವರ್ಷ ಎಷ್ಟು ಕೊಟ್ಟರು. ಷೇರಿನ ಡಿವಿಡೆಂಡ್ ಬೇರೆ, ಖರೀದಿ ರಿಬೇಟು ಬೇರೆ. 96,000 ರೂಪಾಯಿ ವರ್ಷದ ಖರೀದಿಗೆ 3 ಪರ್ಸೆಂಟ್ ರಿಬೇಟು ಸಿಕ್ಕರೂ 2,880. ಇಲ್ಲ ಅಂದರೆ ಸರ್ವಸದಸ್ಯರ ಸಭೆಯಲ್ಲಿ ಎದ್ದು ಕೇಳುವ ಹಕ್ಕು ಸದಸ್ಯನಿಗೆ ಇದೆ. ಕಂಪನಿಯ ಪಾಯಿಂಟ್ ದರ ಇಳಿಸಿದಾಗ ಯಾವ ಸಭೆಯಲ್ಲಿ ಕೇಳ್ತೀರಿ?

ಸಾಗರ_ರಸ್ತೆ:
@ಸಹಕಾರಿ_ಲೆಕ್ಕ ತತ್ವ ಚೆನ್ನಾಗಿದೆ ಸರ್, ಆದ್ರೆ ಎಷ್ಟೋ ಸಂಘಗಳಲ್ಲಿ ಸಂಜೆ 5ಕ್ಕೆ ಬಾಗಿಲು ಹಾಕ್ತಾರೆ, ಸಾಮಾನಿನ ಆಯ್ಕೆ ಕಡಿಮೆ. ಕೆಲಸ ಮುಗಿಸಿ ಬರೋರು ಏನು ಮಾಡ್ಬೇಕು?

ಸಹಕಾರಿ_ಲೆಕ್ಕ:
ಅದೂ ಸಭೆಯಲ್ಲಿ ಹೇಳಬೇಕಾದ ಮಾತೇ. ವ್ಯಾಪಾರ ಜಾಸ್ತಿ ಆದರೆ ಸಮಯವೂ ಜಾಸ್ತಿ ಆಗುತ್ತೆ.

ಭದ್ರಾವತಿ_ಪೇಪರ್‌ಟೌನ್:
ಕ್ರೆಡಿಟ್ ಕಾರ್ಡಿನ ಕಡೆ ಬರೋಣ. ಅಂಗಡಿ ಪಾಯಿಂಟ್ ಬೇರೆ, ಕಾರ್ಡ್ ಪಾಯಿಂಟ್ ಬೇರೆ, ಎರಡೂ ಒಂದೇ ಬಿಲ್ಲಿಗೆ ಸಿಗುತ್ತೆ.

ಟಾಟಾ ನ್ಯೂ ಎಚ್‌ಡಿಎಫ್‌ಸಿ ಕಾರ್ಡನ್ನೇ ತಗೊಳ್ಳಿ, ಅದರಲ್ಲಿ ಇನ್ಫಿನಿಟಿ, ಪ್ಲಸ್ ಅಂತ ಎರಡು ಬಗೆ. ಇನ್ಫಿನಿಟಿಯಲ್ಲಿ ಟಾಟಾ ಸಂಸ್ಥೆಗಳ ಖರೀದಿಗೆ 5 ಪರ್ಸೆಂಟ್, ಬೇರೆ ಕಡೆ 1.5. ಪ್ಲಸ್‌ನಲ್ಲಿ 2 ಮತ್ತು 1. ಎಲ್ಲರೂ 5 ನೋಡಿ ಇನ್ಫಿನಿಟಿ ಮಾಡಿಸ್ತಾರೆ. ಅದರ ವರ್ಷದ ಫೀ 1,499, ಜಿಎಸ್‌ಟಿ ಸೇರಿ ಸುಮಾರು 1,769. ದಿನಸಿ ಟಾಟಾ ಅಲ್ಲದ ಅಂಗಡಿಯಲ್ಲಿ ಅಂತಾದರೆ 96,000ಕ್ಕೆ 1.5 ಪರ್ಸೆಂಟ್ ಅಂದ್ರೆ 1,440. ಅಲ್ಲಿಗೆ 329 ರೂಪಾಯಿ ಕೈಬಿಟ್ಟಿತು. ಪ್ಲಸ್ ಆದರೆ ಫೀ 499, ಜಿಎಸ್‌ಟಿ ಸೇರಿ 589. ಅದೇ ಖರೀದಿಗೆ 960 ಬರುತ್ತೆ, 371 ಉಳಿಯಿತು. ವರ್ಷಕ್ಕೆ 1 ಲಕ್ಷ ಖರ್ಚಾದರೆ ಪ್ಲಸ್‌ನ ಫೀ ಮನ್ನಾ, ಇನ್ಫಿನಿಟಿಗೆ 3 ಲಕ್ಷ ಬೇಕು. ಈ ದರಗಳನ್ನು ಬ್ಯಾಂಕಿನವರು ಆಗಾಗ ಬದಲಾಯಿಸ್ತಾರೆ, ಅರ್ಜಿ ಹಾಕುವ ದಿನ ಷರತ್ತಿನ ಪುಟ ಓದಿ, ತಿಂಗಳ ಮಿತಿ ಎಷ್ಟು ಅಂತಲೂ ನೋಡಿ. ಟಾಟಾದವರ ಬಿಗ್‌ಬ್ಯಾಸ್ಕೆಟ್ ಭರವಸೆಯ ಮೇಲೆ ಕಾರ್ಡ್ ಮಾಡಿಸುವವರು ಮೊದಲು ನಿಮ್ಮ ಪಿನ್‌ಕೋಡ್ ಹಾಕಿ ನೋಡಿ, ಶಿವಮೊಗ್ಗದ 577201ಕ್ಕೂ ತೀರ್ಥಹಳ್ಳಿಯ 577432ಕ್ಕೂ ಉತ್ತರ ಒಂದೇ ಇರಲ್ಲ.

ಇದೆಲ್ಲ ಬಿಲ್ಲನ್ನು ಪೂರ್ತಿ, ದಿನಾಂಕದೊಳಗೆ ಕಟ್ಟುವವರಿಗೆ ಮಾತ್ರ. ಬಾಕಿ ಬಿಟ್ಟರೆ ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್ ಬಡ್ಡಿ. ವರ್ಷದ ಪಾಯಿಂಟ್ ಎರಡು ತಿಂಗಳಲ್ಲಿ ತೊಳೆದು ಹೋಗುತ್ತೆ.

ಹೊಸನಗರ_ಮಳೆ:
ಕಾರ್ಡೇ ಇಲ್ಲದವರಿಗೆ?

ಭದ್ರಾವತಿ_ಪೇಪರ್‌ಟೌನ್:
ಕೂಪನ್ ಬಳಸಿ. "1,500 ಮೇಲಿನ ಬಿಲ್ಲಿಗೆ 150 ಕಡಿತ" ಅಂದ್ರೆ 10 ಪರ್ಸೆಂಟ್, ಯಾವ ಪಾಯಿಂಟೂ ಅಷ್ಟು ಕೊಡಲ್ಲ. ಬಿಲ್ 3,200 ಆಗ್ತಿದ್ದರೆ 1,600ರಂತೆ ಎರಡು ಮಾಡಿ, ಗಂಡನ ನಂಬರಿಗೊಂದು ಹೆಂಡತಿ ನಂಬರಿಗೊಂದು. 3,200ರ ಒಂದೇ ಬಿಲ್ಲಿಗೆ ಕಡಿತ 150, ಅಂದ್ರೆ 4.7 ಪರ್ಸೆಂಟಿಗೆ ಇಳೀತು. ಆದ್ರೆ ಬಿಲ್ 1,280ಕ್ಕೆ ನಿಂತಿದ್ದಾಗ ಕೂಪನ್ನಿಗೋಸ್ಕರ 220 ರೂಪಾಯಿ ಚಿಪ್ಸು ತುಂಬಬೇಡಿ. ಮುಂದಿನ ತಿಂಗಳು ಹೇಗೂ ಬೇಕಾಗುವ ಸೋಪು, ಉಪ್ಪು, ಟೀಪುಡಿ ಸೇರಿಸಿ.

ತೀರ್ಥಹಳ್ಳಿ_ಅಕ್ಕ:
ಕೂಪನ್, "ಎರಡು ಕೊಂಡ್ರೆ ಒಂದು ಫ್ರೀ" ಇವೆಲ್ಲ ಬಯಲುಸೀಮೆ ಲೆಕ್ಕ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರ್ತಿರುತ್ತೆ. ಮೂರು ಪ್ಯಾಕೆಟ್ ಗೋಧಿಹಿಟ್ಟು ತಂದ್ರೆ ಮೂರನೇದಕ್ಕೆ ಹುಳ ಬಿದ್ದಿರುತ್ತೆ, ಫ್ರೀ ಸಿಕ್ಕಿದ್ದೇ ಎಸೆಯಬೇಕು. ಬಿಸ್ಕೆಟ್ಟು, ಅವಲಕ್ಕಿ, ಶೇಂಗಾ ಮೆತ್ತಗಾಗುತ್ತೆ, ಕೊಬ್ಬರಿಗೆ ಬೂಷ್ಟು.

ಮೇ ತಿಂಗಳಲ್ಲಿ ದೊಡ್ಡ ಬಿಲ್ ಮಾಡೋದಾದ್ರೆ ಇಡಲು ಬರುವಂಥದ್ದೇ ತಗೊಳ್ಳಿ: ಸೋಪು, ಸೋಪಿನ ಪುಡಿ, ಪೇಸ್ಟು, ಬೆಂಕಿಪೊಟ್ಟಣ (ಡಬ್ಬದಲ್ಲಿ ಇಡಬೇಕು), ಸೀಲ್ ಒಡೆಯದ ಎಣ್ಣೆ. ಬೇಳೆ ಕಾಳನ್ನು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಗಾಳಿ ಆಡದ ಡಬ್ಬಕ್ಕೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದ್ರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತೆ. ರವೆಯನ್ನು ಹುರಿದಿಡಿ. ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ಭರಣಿಗೆ ಒತ್ತಿ. ಹಿಟ್ಟು ಮಾತ್ರ ಹದಿನೈದು ದಿನಕ್ಕಾಗುವಷ್ಟೇ, ಎಂಥಾ ಆಫರ್ ಇದ್ರೂ.

ಮತ್ತೆ ಆಫರಿನ ಪ್ಯಾಕೆಟ್ಟಿನ ತಾರೀಕು ನೋಡಿ. ಒಂದಕ್ಕೊಂದು ಫ್ರೀ ಅಂದ್ರೆ ಎಷ್ಟೋ ಸಲ ಎಕ್ಸ್‌ಪೈರಿ ಹತ್ತಿರ ಬಂದಿರುತ್ತೆ.

ಬಿಲ್_ಓದುಗ:
@ತೀರ್ಥಹಳ್ಳಿ_ಅಕ್ಕ ಅವರ ಮಾತಿಗೆ ಪಾಯಿಂಟ್ ಕಡೆಯಿಂದ ಒಂದು ಸೇರಿಸ್ತೀನಿ. ವರ್ಷಕ್ಕೆ ಎರಡು ಮೂರು ದೊಡ್ಡ ಖರೀದಿ ಮಾತ್ರ ಮಾಡುವ ಮನೆಯವರು ಪಾಯಿಂಟಿನ ಅವಧಿ ನೋಡಲೇಬೇಕು. ಬಂದ ದಿನದಿಂದ 12 ತಿಂಗಳಾ, ಕೊನೆಯ ಖರೀದಿಯಿಂದ 12 ತಿಂಗಳಾ, ಎರಡಕ್ಕೂ ಬಹಳ ವ್ಯತ್ಯಾಸ. ಮೊದಲನೆಯದಾದರೆ ಮೇ ತಿಂಗಳ ಪಾಯಿಂಟನ್ನು ದೀಪಾವಳಿ ಖರೀದಿಯಲ್ಲೇ ಮುಗಿಸಿ. ಕೂಡಿಡುವುದರಿಂದ ಬಡ್ಡಿ ಬರಲ್ಲ, ಬೆಲೆ ಇಳಿಯುವ ಭಯ ಮಾತ್ರ ಇರುತ್ತೆ.

ಸಾಗರ_ರಸ್ತೆ:
ಬಸ್ ಚಾರ್ಜ್ ಯಾರೂ ಹಿಡಿದಿಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್ ಹತ್ತಿರ. ಇಬ್ಬರು ಹೋಗಿ ಬಂದು, ಆಟೋ ಹಿಡಿದು, ಊಟ ಮಾಡಿದ್ರೆ ವರ್ಷದ ಪಾಯಿಂಟ್ ಒಂದೇ ದಿನಕ್ಕೆ ಖರ್ಚು.

ತೀರ್ಥಹಳ್ಳಿ_ಅಕ್ಕ:
ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ, 2023ರ ಜೂನ್‌ನಿಂದ.

ಸಾಗರ_ರಸ್ತೆ:
@ತೀರ್ಥಹಳ್ಳಿ_ಅಕ್ಕ ಅದು ಸರ್ಕಾರಿ ಬಸ್ಸಿಗೆ ಅಕ್ಕ. ನಮ್ಮ ಮಲೆನಾಡಿನ ಒಳರಸ್ತೆಗಳಲ್ಲಿ ಓಡೋದು ಹೆಚ್ಚು ಖಾಸಗಿ ಬಸ್ಸೇ. ಆಸ್ಪತ್ರೆಗೋ ಮದುವೆಗೋ ಹೋದಾಗ ಸಾಮಾನು ತಂದರೆ ಸರಿ, ಪಾಯಿಂಟಿಗಾಗಿ ಪ್ರಯಾಣ ಬೇಡ.

ಗಾಂಧಿಬಜಾರ್_ದಿನಸಿ:
ಚೀಲ ಮನೆಯಿಂದಲೇ ತನ್ನಿ. ದೊಡ್ಡ ಅಂಗಡಿಯಲ್ಲಿ ಚೀಲಕ್ಕೆ ಕೊಡುವ ದುಡ್ಡು ಸಾವಿರ ರೂಪಾಯಿ ಬಿಲ್ಲಿನ ಪಾಯಿಂಟಿಗಿಂತ ಜಾಸ್ತಿ.

ತುಂಗಾ_ದಂಡೆ:
ಬಹಳ ಉಪಯೋಗ ಆಗ್ತಿದೆ. ದುಡ್ಡು ಕಟ್ಟಿ ಸದಸ್ಯರಾಗುವ ಯೋಜನೆಗಳು ಹೇಗೆ? "299 ಕಟ್ಟಿ, ಮೂರು ತಿಂಗಳು 5 ಪರ್ಸೆಂಟ್ ವಾಪಸ್" ಅನ್ನೋ ಥರದ್ದು.

ಬಿಲ್_ಓದುಗ:
ಮಿತಿ ಕೇಳಿ. ತಿಂಗಳಿಗೆ 100 ರೂಪಾಯಿ ಮಿತಿ ಇದ್ದರೆ ಮೂರು ತಿಂಗಳಿಗೆ ಗರಿಷ್ಠ 300. 299 ಕಟ್ಟಿ 1 ರೂಪಾಯಿ ಲಾಭ, ಅದೂ ಪ್ರತಿ ತಿಂಗಳು 2,000 ಖರೀದಿ ಮಾಡಿದರೆ ಮಾತ್ರ. ಮಿತಿ 250 ಆದರೆ ಗರಿಷ್ಠ 750, ತಿಂಗಳಿಗೆ 5,000 ಖರೀದಿ ಇರುವವರು ಯೋಚಿಸಬಹುದು. ವಾಪಸ್ ಬರುವುದು ದುಡ್ಡಾಗಿಯಾ, ಮುಂದಿನ ಬಿಲ್ಲಿಗೆ ಕೂಪನ್ ಆಗಿಯಾ ಅನ್ನೋದನ್ನೂ ಕೇಳಿ.

ಮುಂಗಡ ಕಟ್ಟಿಸಿಕೊಳ್ಳುವ ಯೋಜನೆಗೆ ಇನ್ನೂ ಹುಷಾರು. ಬಿಗ್ ಬಜಾರಿನ ಪ್ರಾಫಿಟ್ ಕ್ಲಬ್‌ನಲ್ಲಿ 10,000 ಕಟ್ಟಿದರೆ 12 ತಿಂಗಳು ತಿಂಗಳಿಗೆ 1,000ದ ಸಾಮಾನು ಸಿಗ್ತಿತ್ತು. ಲೆಕ್ಕಕ್ಕೆ ಒಳ್ಳೆಯದೇ, ಯಾವ ಪಾಯಿಂಟ್ ಕಾರ್ಡೂ ಹತ್ತಿರ ಬರಲ್ಲ. ಆದರೆ 2022ರಲ್ಲಿ ಆ ಮಳಿಗೆಗಳು ರಿಲಯನ್ಸ್ ಕೈಗೆ ಹೋಗಿ ಎಷ್ಟೋ ಕಡೆ ಸ್ಮಾರ್ಟ್ ಬಜಾರ್ ಬೋರ್ಡ್ ಬಂತು. ಪೇಬ್ಯಾಕ್ ಸಹ 2021ರಲ್ಲಿ ಭಾರತ್‌ಪೇ ಪಾಲಾಗಿ ಹೆಸರು ಜಿಲಿಯನ್ ಆಯ್ತು. ಅಷ್ಟು ದೊಡ್ಡವೇ ಕೈ ಬದಲಾಗ್ತವೆ. ಹಾಗಾಗಿ ಮುಂಗಡ ಕಟ್ಟುವುದಾದರೆ ಒಂದು ತಿಂಗಳ ದಿನಸಿಗಿಂತ ಜಾಸ್ತಿ ಬೇಡ.

ಹೊಸನಗರ_ಮಳೆ:
ನಂಬರ್ ಕೊಟ್ಟ ಮೇಲೆ ದಿನಾ ಹತ್ತು ಮೆಸೇಜ್ ಬರುತ್ತೆ. ನಂಬರ್ ಕೊಡ್ಲೇಬೇಕಾ?

ಕ್ಯಾಶ್_ಕೌಂಟರ್:
ಕೊಡಲೇಬೇಕು ಅಂತ ಇಲ್ಲ. ಮೊಬೈಲ್ ನಂಬರಿಗಾಗಿ ಗಿರಾಕಿಗಳನ್ನು ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. "ನಂಬರ್ ಇಲ್ಲದೆ ಬಿಲ್ ಮಾಡಿ" ಅಂದ್ರೆ ಮಾಡಬೇಕು. ಮಾಡಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಾಹೀರಾತು ಮೆಸೇಜ್ ನಿಲ್ಲಿಸಲು 1909ಕ್ಕೆ ಫೋನ್ ಮಾಡಿ ಡಿಎನ್‌ಡಿ (ಜಾಹೀರಾತು ಬೇಡ ಅನ್ನುವವರ ಪಟ್ಟಿ) ನೋಂದಾಯಿಸಿ. ಅದಾದ ಮೇಲೂ ಅಂಗಡಿಯಿಂದ ಬರ್ತಿದ್ದರೆ ಸದಸ್ಯತ್ವದ ಅರ್ಜಿಯಲ್ಲೋ ಆ್ಯಪಿನಲ್ಲೋ ನೀವೇ ಒಪ್ಪಿಗೆ ಟಿಕ್ ಮಾಡಿರ್ತೀರಿ, ಆ ಟಿಕ್ ತೆಗೆಯಬೇಕು.

ಸಾಗರ_ರಸ್ತೆ:
ಮನೆಯಲ್ಲಿ ಎಲ್ಲರೂ ಒಂದೇ ನಂಬರ್ ಹೇಳಬಹುದಾ? ಸೊಸೆ ಶಿವಮೊಗ್ಗದಲ್ಲಿ, ಅತ್ತೆ ಸಾಗರದಲ್ಲಿ.

ಕ್ಯಾಶ್_ಕೌಂಟರ್:
ಸೇರಿಸುವಾಗ ಯಾರು ಹೇಳಿದರೂ ಆಗುತ್ತೆ, ಬಳಸುವಾಗ ಒಟಿಪಿ ಯಾರ ಫೋನಿಗೆ ಬರುತ್ತೋ ಅವರು ಬೇಕು. ಪಾಯಿಂಟ್ ಬಳಸಲು "ಕನಿಷ್ಠ 200 ಇರಬೇಕು" ಅಂತ ಮಿತಿ ಇರುವ ಕಡೆ ಒಂದೇ ನಂಬರ್ ಒಳ್ಳೆಯದು, ಬೇಗ ತುಂಬುತ್ತೆ. ಕೂಪನ್ ಕೊಡುವ ಕಡೆ ಬೇರೆ ಬೇರೆ ನಂಬರ್ ಒಳ್ಳೆಯದು.

ತೀರ್ಥಹಳ್ಳಿ_ಅಕ್ಕ:
ಹಳೇ ಸಿಮ್ ಬಿಟ್ಟು ಹೊಸ ನಂಬರ್ ತಗೊಂಡ್ರೆ ಪಾಯಿಂಟ್ ಏನಾಗುತ್ತೆ?

ಕ್ಯಾಶ್_ಕೌಂಟರ್:
ಅದೇ ನಂಬರ್ ಉಳಿಸಿಕೊಂಡು ಕಂಪನಿ ಮಾತ್ರ ಬದಲಾಯಿಸಿದರೆ ತೊಂದರೆ ಇಲ್ಲ. ನಂಬರೇ ಬಿಟ್ಟರೆ ಹಳೇ ಸಿಮ್ ಜೀವಂತ ಇರುವಾಗಲೇ ಆ್ಯಪಿನಲ್ಲಿ ಅಥವಾ ಅಂಗಡಿಯ ಕಸ್ಟಮರ್ ಕೇರ್‌ನಲ್ಲಿ ಬದಲಾಯಿಸಿಕೊಳ್ಳಿ, ಹಳೇ ನಂಬರಿಗೆ ಒಂದು ಒಟಿಪಿ, ಹೊಸದಕ್ಕೆ ಒಂದು ಬರುತ್ತೆ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಆಮೇಲೆ ಆ ಒಟಿಪಿ ಹೋಗೋದು ಅವರ ಫೋನಿಗೆ. ಬದಲಾಯಿಸಲು ಆಗದಿದ್ದರೆ ಸಿಮ್ ಬಿಡುವ ಮುಂಚೆ ಹೋಗಿ ಇರುವ ಪಾಯಿಂಟಿಗೆಲ್ಲ ಉಪ್ಪು, ಸೋಪು ತಗೊಂಡು ಖಾತೆ ಖಾಲಿ ಮಾಡಿಬಿಡಿ ಅಕ್ಕ.